ಕಬ್ಬಿಣದ ಉಂಗುರ

ಕಮಲಾಕ್ಷಮ್ಮನವರು ಕೇಸರಿಬಾತಿನ ತಟ್ಟೆಗೆ ಕೈ ಚಾಚಿದಾಗ ಬಸವರಾಜೇಶ್ವರಿಯ ಕಣ್ಣು ಅವರ ಬೆರಳ ಮೇಲೇ ನಿಂತುಬಿಟ್ಟಿತು. ಎರಡು ಚಿನ್ನದ ಉಂಗುರಗಳ ನಡುವೆ ಒಂದು ಕಪ್ಪು ಕಬ್ಬಿಣದ್ದು. ಮಗಳು ಪ್ರಭಾಳನ್ನು ನೋಡಲು ವಿಜಯನಗರದಿಂದ ರಾಜಾಜಿನಗರಕ್ಕೆ ಬಂದಿದ್ದ ಗಂಡಿನ ತಾಯಿ ಆಕೆ. ಸೀರೆ, ಸರ, ಮಾತು ಎಲ್ಲವೂ ಲಕ್ಷಣವಾಗಿದ್ದವು. ಆ ಉಂಗುರ ಮಾತ್ರ ಮೂಲವ್ಯಾಧಿಗೆಂದು ಹಾಕಿಕೊಳ್ಳುವಂಥದ್ದು. ಬಸವರಾಜೇಶ್ವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಥದ್ದೇ ಒಂದನ್ನು ಹಾಕಿಕೊಂಡು ಅವಳೂ ಹದಿನಾಲ್ಕು ತಿಂಗಳು ಓಡಾಡಿದ್ದಳು. ರಕ್ತ ಹೋಗುತ್ತಲೇ ಇತ್ತು. ಸುವರ್ಣಗೆಡ್ಡೆ ತಿಂದಳು, ಮಜ್ಜಿಗೆ ಕುಡಿದಳು, ಉಂಗುರವನ್ನು ನಂಬಿದಳು. ಕೊನೆಗೆ ಎಪ್ಪತ್ಮೂರನೇ ಇಸವಿಯಲ್ಲಿ ಆಸ್ಪತ್ರೆಯವರು ಇದು ಮೂಲವ್ಯಾಧಿಯಲ್ಲ ತಾಯಿ, ಕರುಳಿನ ಕ್ಯಾನ್ಸರ್ ಎಂದರು. ಆಪರೇಷನ್ನಿನ ದಿನ ಊದಿದ ಬೆರಳಿನಿಂದ ಉಂಗುರ ಏನು ಮಾಡಿದರೂ ಬರಲೊಲ್ಲದು. ನರ್ಸು ಸಾಬೂನು ಹಚ್ಚಿ, ಕಾಲು ಗಂಟೆ ತಿರುಗಿಸಿ ತಿರುಗಿಸಿ ಬಿಚ್ಚಿದ್ದಳು. ಅದಾಗಿ ನಾಲ್ಕು ವರ್ಷ. ಬಸವರಾಜೇಶ್ವರಿ ಗಟ್ಟಿಮುಟ್ಟಾಗಿ ಬದುಕಿದ್ದಾಳೆ. ಆದರೆ ಗಂಡ ಶಿವಬಸಪ್ಪ ನೆಂಟರಿಷ್ಟರಿಗೆಲ್ಲ ಹೇಳಿದ್ದು ಮೂಲವ್ಯಾಧಿಯ ಆಪರೇಷನ್ ಎಂದೇ. ಈ ದಿನ ಬೆಳಿಗ್ಗೆಯೂ ಪೂಜೆ ಮುಗಿಸಿ ಎದ್ದವನು ಮೊದಲು ಆಡಿದ ಮಾತು ಅದೇ: "ಆ ರೋಗದ ಹೆಸರು ನಿನ್ನ ಬಾಯಲ್ಲಿ ಬರಕೂಡದು. ತಾಯಿಗೆ ಬಂದಿದ್ದು ಮಗಳಿಗೂ ಬರುತ್ತೆ ಅಂತಾರೆ. ಆಮೇಲೆ ನಮ್ಮ ಹುಡುಗೀನ ಯಾರೂ ಮಾಡ್ಕೊಳಲ್ಲ."

ಕಾಫಿಗೆಂದು ಒಳಗೆ ಹೋದವಳ ಹಿಂದೆಯೇ ಕಮಲಾಕ್ಷಮ್ಮನವರೂ ಅಡುಗೆಮನೆಗೆ ಬಂದರು.

"ನಿಮಗೂ ಮೂಲವ್ಯಾಧಿ ಆಪರೇಷನ್ ಆಗಿತ್ತಂತಲ್ಲ. ಗಂಡಸರ ಮುಂದೆ ಹೇಗೆ ಕೇಳೋದು ಅಂತ ಸುಮ್ಮನಿದ್ದೆ. ನಂದೂ ಅದೇ ಕಷ್ಟ."

"ಎಷ್ಟು ದಿನದಿಂದ?"

"ದೀಪಾವಳಿಯಿಂದ." ಆಗಲೇ ಯುಗಾದಿ ಕಳೆದಿತ್ತು. "ರಕ್ತ ಹೋಗುತ್ತೆ. ರವಿಕೆಗಳೆಲ್ಲ ಸಡಿಲ ಆಗಿವೆ. ಆದ್ರೆ ಈ ಉಂಗುರ ಹಾಕ್ಕೊಂಡ ಮೇಲೆ ಸ್ವಲ್ಪ ವಾಸಿ ಅನ್ಸುತ್ತೆ."

"ನನಗೂ ಹಾಗೇ ಅನ್ಸ್ತಾ ಇತ್ತು."

ಹಜಾರದಲ್ಲಿ ಶಿವಬಸಪ್ಪ ಯಾವುದಕ್ಕೋ ದೊಡ್ಡದಾಗಿ ನಗುತ್ತಿದ್ದ. ಪ್ರಭಾಳನ್ನು ಒಪ್ಪಿದ್ದು ಹುಡುಗನ ಮುಖದಲ್ಲಿ ಆಗಲೇ ಕಂಡಿತ್ತು. ಇನ್ನರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಮಗಳ ಮದುವೆ ಆದ ಹಾಗೇ. ಬಸವರಾಜೇಶ್ವರಿಗೆ ಸಿಟ್ಟು ಬಂತು. ಆ ಉಂಗುರದ ಮೇಲೆ, ಗಂಡನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನಾಲ್ಕು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ತನ್ನ ಮೇಲೆ. ಮಗಳ ಮದುವೆ ಆಗಲೇಬೇಕು ನಿಜ. ಆದರೆ ಈ ಹೆಂಗಸಿನ ಜೀವ ಕೊಟ್ಟು ಮಾಡುವ ಮದುವೆ ಎಂಥದ್ದು?

ಅಡುಗೆಮನೆಯ ಬಾಗಿಲು ಹಾಕಿದಳು. ಸೆರಗು ಸರಿಸಿ, ಹೊಟ್ಟೆಯ ಎಡಗಡೆ ಪಟ್ಟಿಯಲ್ಲಿ ಬಿಗಿದಿದ್ದ ಪ್ಲಾಸ್ಟಿಕ್ ಚೀಲ ತೋರಿಸಿದಳು.

"ನನಗೆ ಆಗಿದ್ದು ಮೂಲವ್ಯಾಧಿ ಅಲ್ಲ. ಕ್ಯಾನ್ಸರ್. ಕರುಳು ಕತ್ತರಿಸಿ ದಾರಿ ಇಲ್ಲಿಗೆ ತಿರುಗಿಸಿದ್ದಾರೆ. ಗುರುಗಳು ಕೊಟ್ಟ ಲಿಂಗ ಕೊರಳಲ್ಲಿದೆ, ಡಾಕ್ಟರು ಕೊಟ್ಟ ಚೀಲ ಹೊಟ್ಟೆ ಮೇಲಿದೆ. ಎರಡನ್ನೂ ಸಾಯೋವರೆಗೂ ಬಿಡೋ ಹಾಗಿಲ್ಲ."

ಕಮಲಾಕ್ಷಮ್ಮನವರು ಹಿಂದೆ ಸರಿದರು. ಬೆನ್ನಿಗೆ ಅಕ್ಕಿ ಡಬ್ಬ ತಗಲಿತು. "ವಾಸನೆ ಗೀಸನೆ..." ಎಂದು ಮಾತು ನುಂಗಿದರು.

"ಇಷ್ಟೊತ್ತು ನಿಮ್ಮ ಪಕ್ಕದಲ್ಲೇ ಕೂತಿದ್ನಲ್ಲ, ಬಂತಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

"ನಿಮ್ಮದು ಬರೀ ಮೂಲವ್ಯಾಧಿನೇ ಇರಬಹುದು. ಹಾಗೇ ಇರ್ಲಿ ಅಂತ ನಾನೂ ಬೇಡ್ಕೋತೀನಿ. ಆದ್ರೆ ಅದನ್ನ ಡಾಕ್ಟರು ಹೇಳ್ಬೇಕು, ಉಂಗುರ ಅಲ್ಲ. ಮಲ ಪರೀಕ್ಷೆ ಮಾಡ್ತಾರೆ, ಒಂದು ನಳಿಕೆ ಹಾಕಿ ನೋಡ್ತಾರೆ. ನಾಚಿಕೆ ಆಗುತ್ತೆ, ಇಲ್ಲ ಅನ್ನಲ್ಲ. ಹತ್ತು ನಿಮಿಷದ ನಾಚಿಕೆ. ನಾನು ಹದಿನಾಲ್ಕು ತಿಂಗಳು ನಾಚ್ಕೊಂಡು ಕೂತೆ. ನಾಳೆ ಎಂಟು ಗಂಟೆಗೆ ನಿಮ್ಮ ವಿಜಯನಗರದ ಬಸ್ ಸ್ಟಾಪಲ್ಲಿ ನಿಂತಿರ್ತೀನಿ. ನೀವು ಬಂದ್ರೆ ಒಟ್ಟಿಗೆ ಆಸ್ಪತ್ರೆಗೆ ಹೋಗೋಣ."

ಕಮಲಾಕ್ಷಮ್ಮನವರು ಬಚ್ಚಲು ಎಲ್ಲಿದೆ ಎಂದು ಮಾತ್ರ ಕೇಳಿದರು. ಹೋದವರು ಬಹಳ ಹೊತ್ತು ಬರಲಿಲ್ಲ. ಬಂದವರೇ ಕಾಫಿಯನ್ನೂ ಮುಟ್ಟದೆ, ಸೆರಗಿನಲ್ಲಿ ಕೈ ಮುಚ್ಚಿಕೊಂಡು, "ಹೊರಡೋಣ" ಎಂದು ಗಂಡನಿಗೂ ಮಗನಿಗೂ ಹೇಳಿದರು. ಗೇಟಿನ ಹತ್ತಿರ ಹುಡುಗನ ತಂದೆ, "ಕಾಗದ ಬರೀತೀವಿ" ಎಂದರು. ವಿಜಯನಗರದಿಂದ ರಾಜಾಜಿನಗರಕ್ಕೆ ಯಾರು ಕಾಗದ ಬರೆಯುತ್ತಾರೆ? ಹೆಣ್ಣು ಹೆತ್ತವರಿಗೆ ಆ ಮಾತಿನ ಅರ್ಥ ಗೊತ್ತಿರುತ್ತದೆ.

"ಹೇಳ್ಬಿಟ್ಯಾ?" ಶಿವಬಸಪ್ಪ ಒಳಗೆ ಬಂದವನೇ ಕೇಳಿದ.

"ಹೇಳ್ದೆ."

"ಮಗಳ ಬಾಳಿಗೆ ಕಲ್ಲು ಹಾಕ್ದೆ ಕಣೇ."

ಬಸವರಾಜೇಶ್ವರಿಗೆ ಅಳು ಬಂತು. ಆದರೆ ಆಡಿದ ಮಾತಿಗಾಗಿ ಅವಳಿಗೆ ಬೇಸರವಿರಲಿಲ್ಲ. ಆರಿದ ಕಾಫಿಯ ಲೋಟಗಳನ್ನು ಎತ್ತಿಡತೊಡಗಿದಳು. ಅಷ್ಟರಲ್ಲಿ ಮುಖ ತೊಳೆಯಲು ಹೋಗಿದ್ದ ಪ್ರಭಾ ಸಾಬೂನಿನ ಡಬ್ಬಿಯನ್ನೇ ಹಿಡಿದುಕೊಂಡು ಬಂದಳು.

"ಅಮ್ಮಾ, ಇದು ಯಾರದು?"

ನೊರೆಯ ನಡುವೆ ಕಪ್ಪು ಉಂಗುರ ಬಿದ್ದಿತ್ತು.

ಶಿವಬಸಪ್ಪನಿಗೆ ಹೋದ ಜೀವ ಬಂದಂತಾಯಿತು. "ಅವರದೇ. ಕೈ ತೊಳೆಯೋವಾಗ ಮರ್ತು ಬಿಟ್ಟು ಹೋಗಿದ್ದಾರೆ. ಇನ್ನೂ ಬಸ್ ಸ್ಟಾಪಲ್ಲೇ ಇರ್ತಾರೆ, ಕೊಟ್ಟು ಇನ್ನೊಂದು ಮಾತಾಡಿ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದ.

ಬಸವರಾಜೇಶ್ವರಿ ಡಬ್ಬಿಯ ಮುಚ್ಚಳ ಹಾಕಿದಳು.

"ಕೂತ್ಕೊಳ್ಳಿ. ಆ ಉಂಗುರ ಬಿಚ್ಚೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅದನ್ನ ಯಾರೂ ಮರ್ತು ಬಿಟ್ಟು ಹೋಗಲ್ಲ."