ಹಲ್ಲಿನ ಸೇತುವೆ

ಮಂತ್ರಿಗಳ ಸಭೆಗೆ ಹೋಗುವ ಟಿಪ್ಪಣಿಗೆ ಕಾರ್ಯದರ್ಶಿ ಸಾಹೇಬರು ಇನ್ನೇನು ಸಹಿ ಹಾಕಬೇಕು, ಅಷ್ಟರಲ್ಲಿ ಶಾಖಾಧಿಕಾರಿಯ ಕಣ್ಣು ಆ ಪದದ ಮೇಲೆ ಬಿತ್ತು. ಹೊಳೆಗೆ ಕಲ್ಲಿನ ಸೇತುವೆ ಬೇಕೆಂದು ಅವಳು ಬರೆದುಕೊಟ್ಟಿದ್ದಳು. ಟೈಪಿಸ್ಟ್ ಮಹಾಶಯ ಹಲ್ಲಿನ ಸೇತುವೆ ಎಂದು ಕುಟ್ಟಿದ್ದ. ಅದೇ ಹೊಳೆಯಲ್ಲಿ, ಆಚೆ ದಡದ ಆಸ್ಪತ್ರೆಗೆ ಹೊರಟ ಅವಳ ತಂಗಿ ದೋಣಿಯಲ್ಲೇ ಹೆತ್ತಿದ್ದಳು.

ಮೂರು ಇಲಾಖೆಗಳ ಘನಪಂಡಿತರು ಟಿಪ್ಪಣಿಯನ್ನು ಅರೆದು ಕುಡಿದು ಅಭಿಪ್ರಾಯ ಕಕ್ಕಿದ್ದರು. ‘ಹಲ್ಲು ನಮ್ಮ ವ್ಯಾಪ್ತಿಗೆ ಬರುವುದರಿಂದ ಸಹಮತವಿದೆ’ ಎಂದಿತ್ತು ಆರೋಗ್ಯ ಇಲಾಖೆ. ‘ಹಾಲುಹಲ್ಲಿನದಾದರೆ ಖರ್ಚು ಕಡಿಮೆ’ ಎಂದಿತ್ತು ಹಣಕಾಸು. ‘ಹಲ್ಲು ಎಂದರೇನೆಂದು ವ್ಯಾಖ್ಯಾನಿಸಿ’ ಎಂದು ಕಾನೂನಿನವರು ಮೂಗು ತೂರಿಸಿದ್ದರು.

“ಸರ್, ಅದು ಕಲ್ಲು. ತಿದ್ದಿಬಿಡ್ತೀನಿ.”

“ತಲೆಗಿಲೆ ಕೆಟ್ಟಿದೆಯೇನಮ್ಮಾ? ಪದ ಬದಲಾದ್ರೆ ಮತ್ತೆ ಮೂರೂ ಇಲಾಖೆ ಸುತ್ತಿಸ್ಬೇಕು. ಆಮೇಲೆ ನಿಮ್ಮ ಸೇತುವೆ ಮೊಮ್ಮಕ್ಕಳ ಕಾಲಕ್ಕೆ.”

“ಹಲ್ಲಿನ ಮೇಲೆ ಜನ ದಾಟೋದು ಹೇಗೆ ಸರ್?”

“ಮೆಲ್ಲಗೆ ದಾಟ್ಲಿ. ಎಲ್ಲರೂ ಒಪ್ಪಿದಾರಲ್ಲ. ಪದ ಮುಟ್ಬೇಡಿ. ಕಾನೂನಿನವರು ಕೇಳಿದ ವ್ಯಾಖ್ಯಾನ ಒಂದು ಬಾಕಿ ಇದೆ, ಅದನ್ನ ಸೇರಿಸಿ ಕೊಡಿ, ಸಾಕು.”

ಅವಳಿಗೆ ನಗು ಉಕ್ಕಿ ಬಂತು. ಹಲ್ಲು ಕಚ್ಚಿ ತಡೆದುಕೊಂಡಳು. ಟಿಪ್ಪಣಿಯ ಕೊನೆಯಲ್ಲಿ ದುಂಡು ಅಕ್ಷರದಲ್ಲಿ ಒಂದೇ ಸಾಲು ಬರೆದಳು: ‘ಈ ಟಿಪ್ಪಣಿಯಲ್ಲಿ ಹಲ್ಲು ಎಂದರೆ ಕಲ್ಲು.’

ಓದುವ ಚಟ ಸಾಹೇಬರ ವಂಶದಲ್ಲೇ ಇರಲಿಲ್ಲ. “ವ್ಯಾಖ್ಯಾನ ಬಂತಾ? ಹಾಂ, ಈಗ ಸರಿಹೋಯ್ತು ನೋಡಿ” ಎಂದು ಹಲ್ಲು ಕಿರಿಯುತ್ತ ಸಹಿ ಎಳೆದರು.