ಹನ್ನೆರಡನೇ ತಾರೀಖಿನ ಸರದಿ

"ನಿಮ್ಮ ಸರದಿ ನಿನ್ನೆಗೇ ಮುಗೀತಲ್ಲ, ಗುನ್ವೋರ್," ಎಂದ ಟೋರ್ಕೆಲ್, ಮೆಷಿನ್ನಿನೊಳಗೆ ತಿರುಗುತ್ತಿದ್ದ ತನ್ನ ಹೊದಿಕೆಗಳಿಂದ ಕಣ್ಣೆತ್ತದೆ.

ಕಟ್ಟಡದ ನೆಲಮಾಳಿಗೆಯಲ್ಲಿ ಇಪ್ಪತ್ತಮೂರು ಮನೆಗೂ ಸೇರಿ ಬಟ್ಟೆ ಒಗೆಯಲು ಇದ್ದದ್ದು ಅದೊಂದೇ ಮೆಷಿನ್ನು. ಗುನ್ವೋರ್ ಕಂಕುಳಲ್ಲಿದ್ದ ಬುಟ್ಟಿಯನ್ನು ಕೆಳಗಿಡಲಿಲ್ಲ. ಅದರಲ್ಲಿ ಹದಿನಾಲ್ಕು ಬಿಳಿ ನಿಲುವಂಗಿಗಳಿದ್ದವು, ಹೋದ ವರ್ಷದ ಮೇಣ, ಕಾಫಿ ಕಲೆ ಸಮೇತ. ನಾಳೆ ಲೂಸಿಯಾ ಹಬ್ಬ. ಬೆಳಗ್ಗೆ ಏಳಕ್ಕೆ ಹದಿನಾಲ್ಕು ಹುಡುಗಿಯರು ಅವನ್ನೇ ತೊಟ್ಟು, ದೀಪ ಹಿಡಿದು, ಚರ್ಚಿನೊಳಗೆ ಹಾಡುತ್ತಾ ಬರಬೇಕು.

"ನಾನು ಎವರ್ಟ್‌ಗೆ ಹೇಳಿದ್ದು ಹನ್ನೆರಡು. ಇವತ್ತು ಹನ್ನೆರಡು."

"ಸ್ಕ್ರೀನ್ ನೋಡಿ."

ಬಾಗಿಲ ಪಕ್ಕದ ಸ್ಕ್ರೀನಿನಲ್ಲಿ ಹನ್ನೊಂದರ ಎದುರಿಗೆ ಗುನ್ವೋರ್, ಹನ್ನೆರಡರ ಎದುರಿಗೆ ಟೋರ್ಕೆಲ್.

ಗುನ್ವೋರ್ ಫೋನ್ ಮಾಡಿದ್ದೇ ತಡ, ಎವರ್ಟ್ ಮನೆಚಪ್ಪಲಿಯಲ್ಲೇ ಇಳಿದು ಬಂದ. ನಿವೃತ್ತ ಟ್ರ್ಯಾಮ್ ಚಾಲಕ. ಲೈಬ್ರರಿ ಪುಸ್ತಕ ಓದಿ ಪ್ರೋಗ್ರಾಂ ಬರೆಯಲು ಕಲಿತವನು. ಸರದಿ ಬರೆಯಲು ದಾರಕ್ಕೆ ನೇತುಹಾಕಿದ್ದ ಹಳೇ ನೋಟ್‌ಬುಕ್ಕನ್ನು ತೆಗೆಸಿ ಮೂರು ವಾರದ ಹಿಂದೆ ಸ್ಕ್ರೀನ್ ತಂದಿದ್ದು ಅವನೇ. ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ನೋಡುತ್ತಾ ನೋಡುತ್ತಾ ಅವನ ಮುಖ ಸಣ್ಣದಾಯಿತು.

"ನೀನು ಹನ್ನೆರಡು ಅಂದೆ, ನಾನು ಹನ್ನೆರಡೇ ಒತ್ತಿದೆ. ಹನ್ನೆರಡು ಶುರುವಾಗೋದು ಮಧ್ಯರಾತ್ರಿಗೆ ಅಂತ ನನ್ನ ಪ್ರೋಗ್ರಾಂ ಗಂಟೇನೂ ಸೇರಿಸಿ ಕಳಿಸಿದೆ. ಡೇಟಾಬೇಸ್ ಅದನ್ನ ಲಂಡನ್ ಗಂಟೆಗೆ ತಿರುಗಿಸಿ ಇಟ್ಕೊಂಡಿದೆ. ಅಲ್ಲಿ ನಮಗಿಂತ ಒಂದು ಗಂಟೆ ಹಿಂದೆ. ಅಂದ್ರೆ ಇನ್ನೂ ಹನ್ನೊಂದನೇ ತಾರೀಖು."

"ಲಂಡನ್ನವರು ನಮ್ಮ ನೆಲಮಾಳಿಗೇಲಿ ಬಟ್ಟೆ ಒಗೀತಾರೇನೋ?"

"ಇಲ್ಲ ಕಣೇ. ಆದ್ರೆ ಮೂರು ವಾರದಿಂದ ಯಾರೂ ಏನೂ ಹೇಳ್ಲಿಲ್ವಲ್ಲ?"

"ನೀನೇ ಒಂದಿನ ಒಗೆಯೋಕೆ ಬಂದಿದ್ರೆ ಗೊತ್ತಾಗ್ತಿತ್ತು."

ಎವರ್ಟ್‌ನ ಕಿವಿ ಕೆಂಪಾಯಿತು. "ನನ್ನ ಬಚ್ಚಲಲ್ಲಿ ಒಂದು ಸಣ್ಣ ಮೆಷಿನ್ನಿದೆ," ಎಂದ.

ಟೋರ್ಕೆಲ್ ಮೆಷಿನ್ನಿನ ಕಡೆಯಿಂದ ಇತ್ತ ತಿರುಗಿದ.

"ಎಲ್ಲರಿಗೂ ಗೊತ್ತಿತ್ತು. ಹನ್ನೆರಡು ಬೇಕಾದ್ರೆ ಹದಿಮೂರು ಒತ್ತೋದು. ನಾನೂ ಹಾಗೇ ಮಾಡಿದ್ದೆ."

"ನನಗೊಂದು ಮಾತು ಹೇಳಬಾರದಿತ್ತಾ?" ಎಂದ ಎವರ್ಟ್.

"ನೀವು ಅಷ್ಟು ಕಷ್ಟಪಟ್ಟು ಮಾಡಿದ್ರಿ. ಹೇಗೆ ಹೇಳೋದು?"

ಎವರ್ಟ್ ತಾರೀಖಿನ ಬೆನ್ನಿಗಂಟಿದ್ದ ಗಂಟೆಯನ್ನು ಕಿತ್ತು, ಬರೀ ತಾರೀಖನ್ನಷ್ಟೇ ಇಡುವ ಹಾಗೆ ತಿದ್ದಿದ. ತಿದ್ದಿದವನು ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡ. "ಈಗ ಒತ್ತಿದ್ರೆ ಎಲ್ಲರಿಗೂ ಅವರು ಒತ್ತಿದ ತಾರೀಖೇ ಬರುತ್ತೆ, ಉಳಿದ ಮನೆಯವರೆಲ್ಲರ ಸರದಿ ಒಂದೊಂದು ದಿನ ಮುಂದಕ್ಕೆ ಹೋಗುತ್ತೆ. ಅವರು ಸುಮ್ಮನಿರ್ತಾರಾ?"

"ಸುಮ್ಮನೇ ಇರ್ತಾರೆ ಅಂತ ಈಗ ತಾನೇ ಕೇಳಿದ್ಯಲ್ಲ. ಒತ್ತು," ಎಂದಳು ಗುನ್ವೋರ್.

ಒತ್ತಿದ. ಸ್ಕ್ರೀನ್ ಒಮ್ಮೆ ಮಿಟುಕಿತು. ಹನ್ನೆರಡರ ಎದುರಿಗೆ ಗುನ್ವೋರ್, ಹದಿಮೂರರ ಎದುರಿಗೆ ಟೋರ್ಕೆಲ್.

ಟೋರ್ಕೆಲ್ ಅದನ್ನು ಎರಡು ಸಲ ಓದಿದ. ಆಮೇಲೆ ಮೆಷಿನ್ ನಿಲ್ಲಿಸಿ, ನೀರು ಬಸಿದು, ನೊರೆ ತುಂಬಿದ ಹೊದಿಕೆಗಳನ್ನು ಒಂದೊಂದಾಗಿ ಬುಟ್ಟಿಗೆ ಎಳೆದುಕೊಂಡ.

ಗುನ್ವೋರ್‌ಗೆ ಸ್ವಲ್ಪ ಸಂಕೋಚವೇ ಆಯಿತು. "ನಿನ್ನ ತಪ್ಪೇನೂ ಇಲ್ಲ ಕಣೋ. ಬೇಕಾದ್ರೆ ಮುಗಿಸಿಕೊಂಡೇ ಹೋಗು."

"ಬೇಡ, ನಾಳೆ ಬರ್ತೀನಿ. ಸ್ಕ್ರೀನಲ್ಲಿ ಹಾಗಿದೆಯಲ್ಲ."

ಬಾಗಿಲ ಹತ್ತಿರ ಅವನು ಬುಟ್ಟಿ ಕೆಳಗಿಟ್ಟ. ಜೇಬಿನಿಂದ ಚೀಟಿ ತೆಗೆದು, ಗೋಡೆಗೆ ಒತ್ತಿ ಹಿಡಿದು, ಅವರಿಬ್ಬರ ಕಣ್ಣೆದುರಿಗೇ ದುಂಡಗೆ ಬರೆದು ಅಂಟಿಸಿದ: "ಎಲ್ಲರ ಗಮನಕ್ಕೆ. ಇಂದಿನಿಂದ ಹನ್ನೆರಡು ಎಂದರೆ ಹನ್ನೆರಡೇ. ಇಂತಿ, ನೆರೆಯವರೊಬ್ಬರು."