ರಿಕಾಪಿನ ಅಳತೆ

"ರಿಕಾಪು ಇಳಿಸಿದ್ಯಾರು?" ಹಗ್ಗದಾಚೆ ಇಟ್ಟಿದ್ದ ಕುದುರೆಯ ಜೀನಿನತ್ತ ಹ್ಯಾಟು ಚಾಚಿ ಹ್ಯಾಸ್ಕೆಲ್ ಕೇಳಿದ. ಅದರ ಮೇಲೆ ಕೂತೇ ಅವನು ನಲವತ್ತು ವರ್ಷ ಅರಿಜೋನಾದ ಮರಳುಗಾಡಿನಲ್ಲಿ ದನ ಕಾಯ್ದಿದ್ದ. ಹೋದ ಚಳಿಗಾಲದಲ್ಲಿ ಊರಿನ ಮ್ಯೂಸಿಯಮ್ಮಿಗೆ ತಾನೇ ತಂದುಕೊಟ್ಟಿದ್ದ.

"ನಾನೇ ಸರ್," ಎಂದಳು ಮ್ಯೂಸಿಯಮ್ಮಿನ ಮಾರಿಬೆಲ್. "ತುಂಬಾ ಮೇಲಿತ್ತು. ಕೌಬಾಯ್ ಜೀನು ಅಂತ ಬೋರ್ಡು ಹಾಕಿ, ಕಾಲಿಡೋ ರಿಕಾಪನ್ನ ಮಕ್ಕಳ ಅಳತೆಗಿಟ್ರೆ ಜನ ನಗಲ್ವಾ?"

"ಮಕ್ಕಳದಲ್ಲ, ನನ್ ಹೆಂಡ್ತಿ ಲೆನೋರಾದು. ಕೊನೇ ಸಲ ಹತ್ತಿದ್ದು ಅವಳು. ಆಮೇಲೆ ನಾನದನ್ನ ಇಳಿಸ್ಲಿಲ್ಲ."

ಲೆನೋರಾ ತೀರಿಕೊಂಡ ಮೇಲೆ ಆರು ವರ್ಷ ಅವನು ಇನ್ನೊಬ್ಬರ ಜೀನು ಕೇಳಿ ತಂದು ಸವಾರಿ ಮಾಡಿದ್ದ. ಮಾರಿಬೆಲ್ ಮುಖ ಸಪ್ಪಗಾಯಿತು. ಹಗ್ಗ ಬಿಚ್ಚಿ ಅವನನ್ನು ಒಳಗೆ ಬಿಟ್ಟುಕೊಂಡಳು. "ತಪ್ಪಾಯ್ತು ಸರ್. ಎಷ್ಟು ಇಳಿಸಿದೆ ಅಂತ ನಂಗೂ ನೆನಪಿಲ್ಲ. ಯಾವ ತೂತಿಗೆ ಹಾಕ್ಲಿ ಹೇಳಿ, ಈಗ್ಲೇ ಹಾಕ್ತೀನಿ."

ರಿಕಾಪು ತೂಗುವ ಚರ್ಮದ ಪಟ್ಟಿಯ ತುಂಬ ತೂತುಗಳಿದ್ದವು, ಎಲ್ಲವೂ ಒಂದೇ ಥರ ಸವೆದಿದ್ದವು. ಅವನು ಯಾವತ್ತೂ ಎಣಿಸಿದವನಲ್ಲ. ಸವಾರರೆಲ್ಲ ತಮ್ಮ ತೋಳಿನಿಂದಲೇ ಕಾಲಿನ ಅಳತೆ ನೋಡುವಂತೆ, ಬೆರಳ ತುದಿಯನ್ನು ಪಟ್ಟಿಯ ಬುಡಕ್ಕೊತ್ತಿ, ರಿಕಾಪನ್ನು ತೋಳುದ್ದಕ್ಕೆ ಎಳೆದು ಕಂಕುಳಿಗೆ ತಂದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅಲ್ಲಿ ಕೂತಿತು; ಈಗದು ಅವನದೇ ಅಳತೆ. ಮೊಣಕೈ ತುಸು ಮಡಚಿ ನೋಡಿದ. ಮತ್ತಿಷ್ಟು ಮಡಚಿದ.

"ಹೇಳಿ ಸರ್," ಎಂದಳು ಮಾರಿಬೆಲ್, ಬಕಲಿನ ಮೇಲೆ ಕೈಯಿಟ್ಟುಕೊಂಡು.

"ಇದಕ್ಕೆ ಅವಳ ತೋಳೇ ಬೇಕಲ್ಲಮ್ಮ," ಎಂದ.